ಇಂಗ್ಲಿಷ್ ಸರ್ ಹೇಳಿಕೊಟ್ಟ ಬಣ್ಣಗಳು

ಹೋದ ತಿಂಗಳು ನಿಪ್ಪಾಣಿಯ ಒಂದು ಅಂಗಡಿಯಲ್ಲಿ ತಮ್ಮನ ಮಗಳಿಗೆ ಕಂಪಾಸ್ ಡಬ್ಬಿ ಕೊಳ್ಳುತ್ತಿದ್ದೆ. ಕಪಾಟಿನ ಕೆಳಗಿನ ಸಾಲಿನಲ್ಲಿ ಹಸಿರು ಶಾಯಿಯ ಬಾಟಲಿಯೊಂದು ಧೂಳು ಹಿಡಿದು ಕೂತಿತ್ತು. "ಹಳೇದು ಐತ್ರಿ ಅದು, ಈಗ ಯಾರೂ ಒಯ್ಯೂದಿಲ್ಲ" ಎಂದ ಅಂಗಡಿಯವನು. ನಾನೂ ಒಯ್ಯಲಿಲ್ಲ. ಆದರೆ ಬಸ್ಸು ಚಿಕ್ಕೋಡಿ ದಾಟುವವರೆಗೂ ನಮ್ಮ ಇಂಗ್ಲಿಷ್ ಸರ್ ಕಣ್ಣ ಮುಂದಿನಿಂದ ಸರಿಯಲೇ ಇಲ್ಲ…

ಎಂಬತ್ತರ ದಶಕದ ಕೊನೆಯ ವರ್ಷಗಳು. ರಾಯಬಾಗದಲ್ಲಿ ನಮ್ಮ ಮನೆಗೂ ಸರ್ ಮನೆಗೂ ನಡುವೆ ಎದೆಮಟ್ಟದ ಗೋಡೆಯೊಂದೇ ಅಡ್ಡ. ಅವರ ಹೆಂಡತಿಯನ್ನು ನಾನು ಅತ್ತಿಗೆಯ ಲೆಕ್ಕದಲ್ಲಿ ವೈನಿ ಎನ್ನುತ್ತಿದ್ದೆ. ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಸರ್ ನಾನು ಕಲಿಯುತ್ತಿದ್ದ ಹೈಸ್ಕೂಲಿಗೇ ಮಾಸ್ತರರು. ತೆಳ್ಳಗಿನ ಮನುಷ್ಯ, ಮೆಲ್ಲಗಿನ ದನಿ.

ಇಂಗ್ಲಿಷ್ ನುಡಿಗಟ್ಟುಗಳೆಂದರೆ ಅವರಿಗೆ ಪ್ರಾಣ. ಅದರಲ್ಲೂ ಬಣ್ಣದ ಮಾತುಗಳು. ಕದಿಯುವಾಗಲೇ ಸಿಕ್ಕಿಬಿದ್ದವನು 'ರೆಡ್ ಹ್ಯಾಂಡೆಡ್'. ಹೊಟ್ಟೆಕಿಚ್ಚಿನವನು 'ಗ್ರೀನ್ ವಿತ್ ಎನ್ವಿ'. ಅಪರೂಪಕ್ಕೊಮ್ಮೆ ಆಗುವುದು 'ಒನ್ಸ್ ಇನ್ ಎ ಬ್ಲೂ ಮೂನ್'. ಇನ್ನೊಬ್ಬರ ಮನಸ್ಸು ನೋಯಬಾರದೆಂದು ಆಡುವ ಸುಳ್ಳು 'ವೈಟ್ ಲೈ'. ಒಂದೊಂದನ್ನೂ ಹಲಗೆಯ ಮೇಲೆ ಬರೆದು, ನಮ್ಮ ಊರಿನ ಮಾತಿಗೆ ಹಚ್ಚಿ ಹೇಳುತ್ತಿದ್ದರು. ಮನೆತನಕ್ಕೆ ಕೆಟ್ಟ ಹೆಸರು ತರುವವನು 'ಬ್ಲ್ಯಾಕ್ ಶೀಪ್' ಎಂದ ದಿನ, ಚಿಂಚಲಿಯಿಂದ ಬರುತ್ತಿದ್ದ ಕುರುಬರ ಹುಡುಗ ಎದ್ದು ನಿಂತ.

"ಸರ್, ಕರೀ ಕುರಿ ಭಾಳ ಛಲೋ ಇರ್ತಾವ್ರಿ. ಕಂಬಳಿಗೆ ಅದರ ಉಣ್ಣೀನ ಬೇಕ್ರಿ. ಅದಕ್ಯಾಕ ಕೆಟ್ಟ ಹೆಸರು?"

ಸರ್ ಸ್ವಲ್ಪ ಹೊತ್ತು ಯೋಚಿಸಿ, "ಇಂಗ್ಲಿಷರು ಕಂಬಳಿ ಹೊತ್ತಿದ್ದಿಲ್ಲ ಕಾಣಸ್ತೈತಿ" ಎಂದರು. ತರಗತಿಯೆಲ್ಲ ನಕ್ಕಿತು, ಸರ್ ಕೂಡ ನಕ್ಕರು. ಅವರು ಅಷ್ಟು ಬಾಯ್ತುಂಬ ನಕ್ಕದ್ದನ್ನು ಮತ್ತೆ ನೋಡಿದ ನೆನಪಿಲ್ಲ.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಸಹಾಮಾಹಿ, ಅಂದರೆ ಅರ್ಧವಾರ್ಷಿಕ, ಪರೀಕ್ಷೆಯ ಪೇಪರುಗಳು ನಮ್ಮ ಕೈಗೆ ಬಂದವು. ತಪ್ಪು, ಸರಿ, ಅಂಕ ಎಲ್ಲವೂ ಹಸಿರು ಶಾಯಿಯಲ್ಲಿ. ಆ ಕಾಲದಲ್ಲಿ ಹಸಿರು ಶಾಯಿ ಎಂದರೆ ಸಾಹೇಬರ ಶಾಯಿ. ನಮ್ಮ ಶಾಲೆಯಲ್ಲಿ ಹೆಡ್‌ಮಾಸ್ತರರೊಬ್ಬರೇ ಅದರಲ್ಲಿ ಬರೆಯುತ್ತಿದ್ದರು. ಒಂದು ಪೇಪರು ಅವರ ಕಣ್ಣಿಗೆ ಬಿತ್ತು. ನಮ್ಮೆಲ್ಲರ ಎದುರಿಗೇ ಬಂದು, "ಯಾವಾಗ ಹೆಡ್‌ಮಾಸ್ತರ್ ಆದ್ರಿ ನೀವು? ನಮಗೂ ಹೇಳಬೇಕಿಲ್ಲೋ?" ಎಂದರು. ಸರ್ ಮುಖ ಕೆಂಪೇರಿತು. "ತಪ್ಪಾತ್ರಿ ಸರ್" ಎಂದು ಪೆನ್ನನ್ನು ಕಿಸೆಯೊಳಗೆ ಇಟ್ಟರು.

ಎರಡು ದಿನ ಬಿಟ್ಟು ತವರಿನಿಂದ ಬಂದ ವೈನಿಗೆ ನಾನೇ ಇದನ್ನು ಹೇಳಿದೆ. ಅವರು ಹಚ್ಚುತ್ತಿದ್ದ ಒಲೆ ಬಿಟ್ಟು ಗೋಡೆಯ ಹತ್ತಿರ ಬಂದರು.

"ತಂಗೀ, ಯಾರ ಮುಂದೂ ಆಡಬ್ಯಾಡ. ಅವರಿಗೆ ಕೆಂಪು, ಹಸಿರು ಒಂದs ಥರಾ ಕಾಣ್ತಾವ. ಕೆಂಪು ಪೆನ್ನಿಗೆ ದಾರ ಕಟ್ಟಿ ಕೊಡ್ತಿದ್ನಿ. ನಾ ಊರಾಗಿದ್ದಿದ್ದಿಲ್ಲ, ತಾವs ಅಂಗಡಿಗೆ ಹೋಗಿ ಶಾಯಿ ತಂದಾರ…"

ಸರ್ ಮೊದಲು ರೈಲ್ವೆ ಪರೀಕ್ಷೆ ಪಾಸಾಗಿದ್ದರಂತೆ. ಸ್ಟೇಷನ್ ಮಾಸ್ತರ್ ಆಗುತ್ತಾನೆಂದು ಅವರವ್ವ ಓಣಿಗೆಲ್ಲ ಪೇಢೆ ಹಂಚಿದ್ದರಂತೆ. ಆಮೇಲೆ ಹುಬ್ಬಳ್ಳಿಯಲ್ಲಿ ಕಣ್ಣಿನ ತಪಾಸಣೆಯಾಗಿ, ಕೆಂಪು ದೀಪ, ಹಸಿರು ದೀಪ ಗುರುತಿಸಲಾಗದವರಿಗೆ ಈ ನೌಕರಿ ಇಲ್ಲ ಎಂದು ವಾಪಸು ಕಳಿಸಿದರು. ಮನೆಯಲ್ಲಿ ಮಾತ್ರ "ಜಾಗಾ ತುಂಬ್ಯಾವಂತ" ಎಂದು ಹೇಳಿ ಸುಮ್ಮನಾಗಿದ್ದರು. ಈ ಮಾಸ್ತರಿಕೆಯೂ ಕೈಬಿಟ್ಟೀತೆಂಬ ಅಂಜಿಕೆ ಅವರ ಹೊಟ್ಟೆಯಲ್ಲಿತ್ತು. ಹೆಂಡತಿಯೊಬ್ಬಳಿಗೇ ಅದು ಗೊತ್ತು.

ಮರುವರ್ಷ ವೈನಿ ಬಸುರಿಯಾದರು. ನಮ್ಮ ಕಡೆ ಕುಬಸದ ದಿನ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಆರತಿ ಮಾಡುತ್ತಾರೆ. ಸರ್ ಯಾರಿಗೂ ಹೇಳದೆ ತಾವೊಬ್ಬರೇ ಚಿಕ್ಕೋಡಿ ಪೇಟೆಗೆ ಹೋಗಿ ಸೀರೆ ತಂದರು. ಒಳ್ಳೆಯ ಸೀರೆ, ಅಂಚು ಅಗಲ. ಆದರೆ ಅದು ಹಸಿರಲ್ಲ… ಹಸಿ ಮಣ್ಣಿನಂಥ ಕಂದು. ಅಂಗಡಿಯವನನ್ನು ಬಣ್ಣ ಕೇಳಲು ನಾಚಿರಬೇಕು.

ವೈನಿ ಅದನ್ನೇ ಉಟ್ಟು ಮಣೆಯ ಮೇಲೆ ಕೂತರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಸರ್ ತಾಯಿ, ವೈನಿಯ ಅತ್ತೆ, ಬಾಯಿ ತೆರೆಯುವಷ್ಟರಲ್ಲಿ ವೈನಿಯೇ, "ಹಸಿರs ಐತಿ ಬಿಡ್ರಿ ಅತ್ತಿ, ಬೆಳಕಿನ್ಯಾಗ ಹಂಗ ಕಾಣ್ತೈತಿ" ಎಂದುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಸರ್ ಹಿಗ್ಗಿ ಹೋಗಿದ್ದರು.

ಎಂಟನೆಯ ತಿಂಗಳಲ್ಲಿ ವೈನಿಗೆ ನೋವು ಕಾಣಿಸಿತು. ಜೀಪು ಮಾಡಿಕೊಂಡು ಮಿರಜಿನ ದವಾಖಾನೆಗೆ ಒಯ್ದರು. ಕೂಸು ಉಳಿಯಲಿಲ್ಲ.

ಅವರು ಮರಳಿದ ಮರುದಿನ ಓಣಿಯ ಹೆಂಗಸರು ಮಾತಾಡಿಸಲು ಬಂದಿದ್ದರು. ಅವ್ವನ ಜೊತೆ ನಾನೂ ಹೋಗಿದ್ದೆ. ವೈನಿ ಗೋಡೆಗೆ ಆತು ಕೂತಿದ್ದರು. ಅತ್ತೆ ಅಳುತ್ತಳುತ್ತಲೇ ಸಿಟ್ಟಿಗೆ ತಿರುಗಿದರು.

"ಹಸಿರ ಬಿಟ್ಟು ಮಣ್ಣಿನ ಬಣ್ಣದ ಸೀರಿ ಉಟ್ಟು ಕುಂತಿ. ನಾ ಹೇಳಾಕ ಬಂದ್ರ ಬಾಯಿ ಮುಚ್ಚಿಸಿದಿ. ಈಗ ನೋಡ, ಉಡಿ ಬರಿದಾತು!"

ವೈನಿ ತಲೆ ಎತ್ತಲಿಲ್ಲ. ಒಳಗಿದ್ದ ಸರ್ ಹೊರಗೆ ಬಂದರು. ಅವರ ಕೈಯಲ್ಲಿ ಅದೇ ಸೀರೆ. ನೇರ ನಮ್ಮವ್ವನ ಮುಂದೆ ಹಿಡಿದು ಕೇಳಿದರು.

"ಅಕ್ಕಾರ, ಖರೇ ಹೇಳ್ರಿ. ಇದು ಯಾವ ಬಣ್ಣ ಐತಿ?"

ಅವ್ವ ವೈನಿಯ ಕಡೆ ನೋಡಿದಳು. ವೈನಿ ಬೇಡವೆಂಬಂತೆ ಕಣ್ಣಲ್ಲೇ ಹೇಳಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಸರ್‌ಗೆ ತಿಳಿಯಿತು. ತಾಯಿಯ ಕಡೆ ತಿರುಗಿದರು.

"ಅವ್ವಾ, ಆಕೀಗೆ ಅನ್ನಬ್ಯಾಡ. ಸೀರಿ ತಂದಾಂವ ನಾ. ನನಗ ಹಸಿರು ತಿಳಿಯೂದಿಲ್ಲ, ಕೆಂಪೂ ತಿಳಿಯೂದಿಲ್ಲ. ಸಣ್ಣಂವಿದ್ದಾಗಿಂದ ತಿಳಿಯೂದಿಲ್ಲ. ರೈಲ್ವೆ ನೌಕರಿನೂ ಅದಕ್ಕs ಹೋತು. ನಾಲ್ಕು ಮಂದ್ಯಾಗ ನನ್ನ ಮಾನ ಹೋಗಬಾರದಂತ ಆಕಿ ಸುಳ್ಳು ಹೇಳ್ಯಾಳ. ಕೂಸು ಹೋಗಿದ್ದು ಸೀರಿಯಿಂದಲ್ಲ. ಹೊಕ್ಕಳಬಳ್ಳಿ ಸುತ್ತಿತ್ತಂತ ಡಾಕ್ಟರು ಹೇಳ್ಯಾರ. ಅನ್ನೂದಿದ್ರ ನನಗ ಅನ್ನು."

ಸರ್ ಅಲ್ಲೇ ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅಷ್ಟು ದಿನ ಅಳದಿದ್ದ ವೈನಿ ಆಗ ಅತ್ತರು. ಬಹಳ ಹೊತ್ತಿನ ಮೇಲೆ ಅತ್ತೆ ಎದ್ದು ಹೋಗಿ, ಒಂದು ತಂಬಿಗೆ ನೀರು ತಂದು ಸೊಸೆಯ ಮುಖ ಒರೆಸಿದರು. ಅದನ್ನು ಇವತ್ತಿಗೂ ಮರೆಯಲಾಗಿಲ್ಲ.

ಅದಾದ ಮೇಲೆ ಶಾಲೆಗೆ ಬಂದ ಮೊದಲ ದಿನವೇ ಸರ್ ಹೆಡ್‌ಮಾಸ್ತರರ ಕೋಣೆಗೆ ಹೋಗಿ ತಾವಾಗಿಯೇ ಹೇಳಿದರು. ನೌಕರಿ ಹೋಗಲಿಲ್ಲ. "ಆವತ್ತs ಹೇಳಬೇಕಿತ್ತಲ್ರಿ" ಎಂದು ಹೆಡ್‌ಮಾಸ್ತರರೇ ಪೇಚಾಡಿದರಂತೆ. ಆಮೇಲೆ ಸರ್ ನಮ್ಮ ತರಗತಿಗೆ ಬಂದು, ನಮಗೂ ಹೇಳಿದರು. ನಾವು ನಗಲಿಲ್ಲ. ಆ ಚಿಂಚಲಿಯ ಹುಡುಗ ತನ್ನ ಸೀಸದ ಕಡ್ಡಿಯನ್ನು ಮುಂದೆ ಹಿಡಿದು, "ಇದು ಕೆಂಪು ಐತ್ರಿ ಸರ್" ಎಂದ. ಸರ್ ತಿರುಗಿ ಹಲಗೆ ಒರೆಸತೊಡಗಿದರು. ಹಲಗೆಯ ಮೇಲೆ ಏನೂ ಬರೆದಿರಲಿಲ್ಲ…

ನಾನು ಮದುವೆಯಾಗಿ ಸದಲಗಾಕ್ಕೆ ಬಂದೆ. ಅವರು ಅಥಣಿಗೆ ಹೋದರು. ಒಬ್ಬ ಮಗಳು ಹುಟ್ಟಿದಳೆಂದು ಕೇಳಿದ್ದೆ. ಸಂಸಾರದ ಗಡಿಬಿಡಿಯಲ್ಲಿ ವರ್ಷಗಳು ಸರಿದುಹೋದವು.

ನಿಪ್ಪಾಣಿಯಿಂದ ಬಂದ ಮೇಲೆ ತಡೆಯಲಾಗದೆ, ಹೋದ ವಾರ ಅಥಣಿಗೆ ಹೋಗಿ ವಿಚಾರಿಸುತ್ತ ಮನೆ ಹುಡುಕಿದೆ. ಸರ್ ತೀರಿಕೊಂಡು ಆಗಲೇ ಎರಡು ಮಳೆಗಾಲ ಕಳೆದಿವೆಯಂತೆ. ನನಗೆ ಯಾರೂ ಹೇಳಿರಲಿಲ್ಲ. ಯಾರು ಹೇಳಬೇಕು… ವೈನಿಯ ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ದನಿಯಿಂದಲೇ ಗುರುತು ಹಿಡಿದರು. ಚಹಾ ಕುಡಿದು, ಅಂಗಳದ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಕಬ್ಬಿನ ಹೊಲಗಳ ಆಚೆ ಹೊತ್ತು ಇಳಿಯುತ್ತಿತ್ತು.

"ದಿನಾ ಈ ಹೊತ್ತಿನ್ಯಾಗ ಇಲ್ಲೇ ಕುಂಡ್ರತಿದ್ರು" ಎಂದರು ವೈನಿ. "ಇವತ್ತ ಮುಗಿಲು ಯಾವ ಬಣ್ಣ ಐತಿ ಹೇಳು ಅಂತಿದ್ರು. ನಾ ಹೇಳತಿದ್ನಿ. ಈಗೂ ನೋಡ್ತೀನವ್ವಾ… ಕೇಳಾವರಿಲ್ಲ."