ದುರ್ಗಯ್ಯನ ಫಾರಿನ್ ಫೋನು

ಮಾಯಸಂದ್ರದ ದುರ್ಗಯ್ಯ ಲೈನ್‌ಮನ್ ಆಗಿ ಕರೆಂಟಿನ ಕಂಬಗಳನ್ನು ಹತ್ತಿಳಿದು ರಿಟೈರಾದ ಮನುಷ್ಯ. ಪಿಂಚಣಿ ಬರುತ್ತಿತ್ತು, ಹಸಿದರೆ ಕೈಹಿಡಿಯುವಷ್ಟು ತೆಂಗಿನ ತೋಟವಿತ್ತು. ಆದರೂ ಅವನು ಯಾರಿಗೂ ಫೋನ್ ಮಾಡಿದವನಲ್ಲ. ಮಿಸ್ ಕಾಲ್ ಕೊಡುತ್ತಿದ್ದ. ಒಂದು ರಿಂಗಾದ ಮೇಲೆ ಕಟ್ ಮಾಡಿದರೆ ಆ ಕಡೆಯವರು ಬಿದ್ದೆದ್ದು ತಿರುಗಿ ಮಾಡಬೇಕು. ಮಾತಾಡುವುದು ಹೆಚ್ಚುಕಡಿಮೆ ಪುಕ್ಕಟೆಯಾದ ಮೇಲೂ ಅವನು ಇದನ್ನು ಬಿಡಲಿಲ್ಲ. ಕಾಸಿಗಿಂತ ಅವನಿಗೆ ಗತ್ತು ಮುಖ್ಯವಾಗಿತ್ತು.

"ಗರಜಿರೋನು ಫೋನ್ ಮಾಡ್ತಾನೆ. ದೊಡ್ಡೋನಿಗೆ ಫೋನ್ ಬತ್ತೈತೆ ಕಣ್ಲಾ" ಎಂದು ಗೆಳೆಯ ಭೀಮರಾಜುವಿನ ಮೋಟರ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳುತ್ತಿದ್ದ.

ಇಂಥ ದೊಡ್ಡವನ ಫೋನಿನ ಬಿಲ್ಲು ಕಟ್ಟುತ್ತಿದ್ದವನು ಮಾತ್ರ ತಿಪಟೂರಿನ ಅಳಿಯ ಸೂರ್ಯಪ್ರಕಾಶ್.

ಹೋದ ವರ್ಷ ದುರ್ಗಯ್ಯ ಹೆಂಡತಿ ಪುಟ್ಟಗಂಗಮ್ಮನ ಜೊತೆ ಕಾಶಿಯಾತ್ರೆಗೆ ಹೊರಟ. ಅಲ್ಲಿಂದ ಹಾಗೇ ನೇಪಾಳದ ಪಶುಪತಿನಾಥನ ದರ್ಶನವೂ ಇತ್ತು. ಅಳಿಯ ಬಸ್ಸಿನವರೆಗೂ ಬಂದು, "ಮಾವ, ನೇಪಾಳದಲ್ಲೂ ನಿಮ್ಮ ಫೋನ್ ಸಿಗಂಗೆ ಮಾಡ್ಸಿದೀನಿ. ಏನಾರ ಹೆಚ್ಚುಕಡಿಮೆ ಆದ್ರೆ ಮಾತ್ರ ಮಾತಾಡಿ" ಎಂದ. ಹೊರದೇಶದಲ್ಲಿ ಮಾತಾಡಲೆಂದೇ ಇರುವ ರೋಮಿಂಗ್ ಪ್ಯಾಕ್ ಒಂದನ್ನು ಹಾಕಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅಳಿಯನೂ ಮಾವನಿಗೆ ತಕ್ಕವನೇ, ದಂಡದ ಖರ್ಚು ಯಾಕೆ ಎಂದು ಬಿಟ್ಟಿದ್ದ.

ಗಡಿ ದಾಟುವಾಗ ಟೂರಿನ ಮ್ಯಾನೇಜರು ಬಸ್ಸಿನಲ್ಲಿ ಎದ್ದು ನಿಂತು ಕೂಗಿದ: "ಇಲ್ಲಿಂದಾಚೆಗೆ ಫೋನ್ ಬಂದ್ರೂ ದುಡ್ಡು, ಮಾಡಿದ್ರೂ ದುಡ್ಡು. ಆಫ್ ಮಾಡ್ಕೊಳ್ಳಿ. ಬೇಕಾದೋರಿಗೆ ನೇಪಾಳದ ಸಿಮ್ ಕೊಡಿಸ್ತೀನಿ."

ಹೆಂಗಸರು ಕಾಸು ಸೇರಿಸಿ ಒಂದು ಸಿಮ್ ತರಿಸಿಕೊಂಡರು. ಪುಟ್ಟಗಂಗಮ್ಮನೂ ಸೇರಿಕೊಂಡಳು. ದುರ್ಗಯ್ಯ ನಕ್ಕ. "ಬಂದ ಫೋನ್‌ಗೂ ದುಡ್ಡಂತೆ! ನೆಂಟ್ರು ಬಂದು ಉಂಡೋದ್ರೆ ನಂಟಸ್ತನಕ್ಕೂ ಕಂದಾಯ ಕಟ್ಬೇಕೇನು? ಸಿಮ್ ಮಾರಕ್ಕೆ ಇವ್ನು ಕಟ್ಟಿರೋ ಕತೆ."

"ಹೇಳಿದ್ಮಾತು ಕೇಳಬಾರದಾ?" ಎಂದಳು ಪುಟ್ಟಗಂಗಮ್ಮ.

"ನಿಂಗೆ ಗೊತ್ತಾಗಲ್ಲ, ಸುಮ್ಕಿರು."

ಕಠ್ಮಂಡುವಿನಲ್ಲಿ ದೇವರ ದರ್ಶನ ಮುಗಿಯಿತೋ ಇಲ್ಲವೋ, ದುರ್ಗಯ್ಯ ಗುಡಿಯ ಹೊರಗಿನ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಮಿಸ್ ಕಾಲ್ ಕೊಡತೊಡಗಿದ. ಬೀಗರು, ಸೋದರತ್ತೆಯ ಮಕ್ಕಳು, ತೋಟಕ್ಕೆ ಬರುವ ಕಾಯಿ ಕೀಳುವವನು, ಯಾರನ್ನೂ ಬಿಡಲಿಲ್ಲ. ಫಾರಿನ್ನಿಗೆ ಬಂದಿರುವುದು ಜನಕ್ಕೆ ಗೊತ್ತಾಗದಿದ್ದರೆ ಬಂದು ಏನು ಪ್ರಯೋಜನ? ಫೋನುಗಳು ಒಂದರ ಹಿಂದೊಂದು ತಿರುಗಿ ಬಂದವು. ಭೀಮರಾಜು ಅಂಗಡಿಯಲ್ಲಿ ಸ್ಪೀಕರ್ ಹಾಕಿದ, ಬೆಂಚಿನ ಮೇಲಿದ್ದವರೆಲ್ಲ ಸರದಿಯ ಮೇಲೆ ಮಾತಾಡಿದರು. ಅಲ್ಲಿ ತೆಂಗಿನಕಾಯಿಗೆ ಏನು ರೇಟು, ಹಿಮಾಲಯ ಕಾಣುತ್ತದೋ, ಅನ್ನ ಸಿಗುತ್ತದೋ ಎಂದು ಕೇಳಿದರು. ದುರ್ಗಯ್ಯ ಕಂಡದ್ದನ್ನೂ ಹೇಳಿದ, ಕಾಣದ ಹಿಮಾಲಯವನ್ನೂ ವರ್ಣಿಸಿದ. ನಡುನಡುವೆ ಫೋನ್ ಕಂಪನಿಯಿಂದ ಮೆಸೇಜು ಬರುತ್ತಿತ್ತು. "ಜಾಹೀರಾತು ಕಾಟ" ಎಂದು ಗೊಣಗಿ ಅಳಿಸಿ ಹಾಕುತ್ತಿದ್ದ.

ಊರಿಗೆ ಬಂದ ಮೇಲೆ ಗಂಗಾಜಲದ ಚೊಂಬುಗಳನ್ನು ಹಂಚಿ ಮುಗಿಸುವಷ್ಟರಲ್ಲಿ ಅಳಿಯ ಬೈಕಿನಲ್ಲಿ ಬಂದಿಳಿದ. ನೀರು ಕೂಡ ಕುಡಿಯಲಿಲ್ಲ.

"ಮಾವ, ಒಂದು ಮೂಟೆ ಕೊಬ್ಬರಿ ದುಡ್ಡು ಬಿಲ್ ಬಂದೈತೆ."

"ಯಾರಿಗೆ?"

"ನಿಮ್ಮ ಬಾಯಿಗೆ!"

ದುರ್ಗಯ್ಯ ಮೂಟೆಯ ರೇಟನ್ನು ಬೆರಳಿನಲ್ಲಿ ಎಣಿಸಿ ನೋಡಿದ. ಆದರೆ ತಪ್ಪು ತನ್ನದೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನೇರ ಭೀಮರಾಜುವಿನ ಅಂಗಡಿಗೆ ನಡೆದ.

"ಲೇ, ನೀವೆಲ್ಲ ಫೋನ್ ಮಾಡಿ ನನ್ನ ಮನೆ ತೊಳೆದ್ರಲ್ಲೋ! ನಿನ್ನ ಪಾಲು ತೆಗಿ."

ಭೀಮರಾಜು ಮೋಟರಿಗೆ ತಂತಿ ಸುತ್ತುತ್ತಿದ್ದವನು ಕೈ ನಿಲ್ಲಿಸಿದ. "ಮಿಸ್ ಕಾಲ್ ಕೊಟ್ಟೋನು ಯಾರ್ಲಾ? ವಯಸ್ಸಾದೋನು, ಕಾಣದ ದೇಶದಲ್ಲಿ ಬಿದ್ದೋ ಎದ್ದೋ ಏನಾಯ್ತೋ ಅಂತ ಕೈಲಿದ್ದ ಕೆಲಸ ಬುಟ್ಟು ಮಾಡ್ದೆ. ನೀನು ನೋಡುದ್ರೆ ಹಿಮಾಲಯದ ಕತೆ ಹೊಡಿಯಕ್ಕೆ ಶುರು ಹಚ್ಕೊಂಡೆ. ನನ್ನ ಅರ್ಧ ದಿನದ ಕೂಲಿ ಹೋಯ್ತು, ಅದನ್ನ ಕೊಡ್ತೀಯಾ?"

ಬೆಂಚಿನವರು ನಕ್ಕರು. ಬೇರೆಯವರ ಮನೆಗೆ ಪಾಲು ಕೇಳಲು ಹೋಗುವ ಧೈರ್ಯ ಅವನಿಗೆ ಉಳಿಯಲಿಲ್ಲ.

ಮನೆಯಲ್ಲಿ ಪುಟ್ಟಗಂಗಮ್ಮ ಮಗಳು ಪುಷ್ಪಲತಾಳ ಜೊತೆ ಫೋನಿನಲ್ಲಿದ್ದಳು. ನೇಪಾಳದಿಂದಲೂ ಹೆಂಗಸರು ಕೊಂಡ ಆ ಸಿಮ್ಮಿನಲ್ಲಿ ದಿನಾ ಸಂಜೆ ಎರಡು ಮಾತಾಡಿ ಇಡುತ್ತಿದ್ದಳಂತೆ, ಗಂಡನಿಗೆ ಅದು ಗೊತ್ತೇ ಇರಲಿಲ್ಲ. "ನಮ್ಮ ಪಾಲಿಗೆ ಬಂದಿದ್ದು ಒಂದು ಟೀ ಕಾಸು" ಎಂದಷ್ಟೇ ಹೇಳಿ ಒಳಗೆ ಹೋದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು.

ರೇಟು ಏರಲಿ ಎಂದು ಅಟ್ಟದಲ್ಲಿ ಉಳಿಸಿಕೊಂಡಿದ್ದ ಉಂಡೆ ಕೊಬ್ಬರಿಯಲ್ಲಿ ಒಂದು ಮೂಟೆ ಇಳಿಯಿತು. ಅಳಿಯ ಅದನ್ನು ತಾನೇ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಸಾಗಿಸಿ ಮಾರಿ ಬಿಲ್ಲಿನ ದುಡ್ಡು ಹಿಡಿದುಕೊಂಡ. ಮಾವನ ಕೈಗೆ ದುಡ್ಡು ಕೊಟ್ಟು ಮತ್ತೆ ಕೇಳುವಷ್ಟು ದಡ್ಡ ಅವನಾಗಿರಲಿಲ್ಲ.

ಒಂದು ವಾರ ದುರ್ಗಯ್ಯ ಬೀದಿಗೆ ಮುಖ ತೋರಿಸಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಇಸ್ತ್ರಿಯ ಷರಟು ಹಾಕಿಕೊಂಡು ಬಸ್ ಸ್ಟಾಂಡಿನ ಟೀ ಅಂಗಡಿಗೆ ಹೋಗಿ, ತನ್ನ ಗುರುತೇ ಇಲ್ಲದ ತುರುವೇಕೆರೆಯವನೊಬ್ಬನ ಪಕ್ಕ ಕೂತ.

"ನೇಪಾಳಕ್ಕೆ ಹೋಗಿದ್ದೆ ಕಣಪ್ಪ. ಊರ ಜನ ನನ್ನ ಬುಡ್ಬೇಕಲ್ಲ! ಎಷ್ಟು ಫೋನ್ ಬಂದ್ವು ಅಂತೀಯ, ಎರಡು ಮೂಟೆ ಕೊಬ್ಬರಿ ದುಡ್ಡು ಬಿಲ್ಲಾಯ್ತು."

ಆ ಮನುಷ್ಯ ಕಣ್ಣರಳಿಸಿ, "ಅಬ್ಬಾ, ಭಾರಿ ಜನಬಳಕೆ ಇರೋರು ನೀವು" ಎಂದ. ದುರ್ಗಯ್ಯ ಖುಷಿಯಿಂದ ಅವನ ಟೀ ದುಡ್ಡನ್ನೂ ತಾನೇ ಕೊಟ್ಟ. ಯುಗಾದಿಯ ಹೊತ್ತಿಗೆ ಬಿಲ್ಲು ನಾಲ್ಕು ಮೂಟೆಯಾಗಿತ್ತು.