ಟೋಪಿ ಕೊಟ್ಟು ಹೋದ ರಜೆ

ಆಗ ನನಗೆ ಐವತ್ತೈದು. ಅದಾಗಿ ಒಂಬತ್ತು ವರ್ಷ. ಬಸವಕಲ್ಯಾಣದಿಂದ ದಿನಾ ಹುಮನಾಬಾದಿನ ಔಷಧಿ ಕಂಪನಿಗೆ ಹೋಗಿಬರುತ್ತಿದ್ದೆ. ಪುಡಿ ತುಂಬುವ ಕೆಲಸ. ಹದಿಮೂರು ವರ್ಷ ಅದನ್ನೇ ಮಾಡಿದ್ದೆ.

ಆ ಕೆಲಸ ಒಬ್ಬರಿಂದ ಆಗುವುದಿಲ್ಲ. ಡ್ರಮ್ಮಿನೊಳಗೆ ಪ್ಲಾಸ್ಟಿಕ್ ಚೀಲ ಇಳಿಬಿಟ್ಟು ಒಬ್ಬಳು ಅದರ ಬಾಯಿ ಅಗಲಿಸಿ ಹಿಡಿಯಬೇಕು. ಇನ್ನೊಬ್ಬಳು ತೂಕದ ಕಾಟಾ ನೋಡುತ್ತ ಪುಡಿ ಸುರಿಯಬೇಕು. ಹಿಡಿದ ಕೈ ಅಲುಗಿದರೆ ಪುಡಿ ಚೆಲ್ಲುತ್ತದೆ. ಅದಕ್ಕೇ ಎಲ್ಲರಿಗೂ ಒಬ್ಬೊಬ್ಬಳು ಜೋಡಿ ಇದ್ದಳು. ನಾನು ಹಿಡಿಯುವವಳು. ಸುರಿಯುವವಳು ಮಾಣಿಕನಗರದವಳು, ನನಗಿಂತ ಹದಿನೈದು ವರ್ಷ ಸಣ್ಣವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಎಂಟು ವರ್ಷ ಒಂದೇ ಡ್ರಮ್ಮಿನ ಆಚೆ ಈಚೆ ನಿಂತಿದ್ದೆವು. ಮುಖಕ್ಕೆ ಮಾಸ್ಕು ಇರುತ್ತಿದ್ದುದರಿಂದ ಮಾತು ಕಡಿಮೆ. ಅವಳ ಕಣ್ಣು ನೋಡಿದರೆ ಎಷ್ಟು ಎತ್ತಬೇಕು, ಎಷ್ಟು ಇಳಿಸಬೇಕು ಎಂದು ನನಗೆ ತಿಳಿಯುತ್ತಿತ್ತು.

ರಜೆಗೂ ಅಲ್ಲೊಂದು ರೀತಿ ಇತ್ತು. ಯಾರೂ ಅರ್ಜಿ ಬರೆಯುತ್ತಿರಲಿಲ್ಲ. ರಜೆ ಹೋಗುವವಳು ಸಂಜೆ ತನ್ನ ಕೆಲಸದ ಟೋಪಿಯನ್ನು ಜೋಡಿಯ ಕೈಗೆ ಕೊಟ್ಟು ಹೋಗುವಳು. ಮರುದಿನ ಹಾಜರಿ ಹೊತ್ತಿಗೆ ಜೋಡಿ ಆ ಟೋಪಿ ಎತ್ತಿ ತೋರಿಸಿ, "ಈಕಿ ಇಷ್ಟ ದಿನ ಬರಂಗಿಲ್ರಿ" ಎಂದರೆ ಆಯಿತು. ಸೂಪರ್‌ವೈಸರ್ ಆ ಟೋಪಿಯನ್ನು ಬದಲಿಗೆ ಬಂದವಳಿಗೆ ಕೊಡುತ್ತಿದ್ದ. ಹೆರಿಗೆಗೆ ಹೋದವರು, ನೆಂಟರ ಮಣ್ಣಿಗೆ ಹೋದವರು, ಎಲ್ಲರೂ ಹೀಗೇ ಹೋಗಿ ಬಂದಿದ್ದರು.

ನನಗೆ ರಕ್ತ ಹೋಗುವುದು ನಿಲ್ಲಲಿಲ್ಲ. ಗರ್ಭಚೀಲ ತೆಗೆಯಬೇಕು ಎಂದರು ಡಾಕ್ಟರು. ಜೋಡಿಗೆ ಎಲ್ಲ ಹೇಳಿ ಟೋಪಿ ಕೊಟ್ಟು ಹೋದೆ. ತೆಗೆಸಿಕೊಂಡು ಮೋರಖಂಡಿಯಲ್ಲಿ ತಂಗಿಯ ಮನೆಯಲ್ಲಿ ಮಲಗಿದೆ. ಮೊದಲ ವಾರ ಜೋಡಿ ಒಮ್ಮೆ ಫೋನ್ ಮಾಡಿದಳು, ಆಮೇಲೆ ಮಾಡಲಿಲ್ಲ. ಆರು ವಾರ ಮಲಗು ಎಂದಿದ್ದರು. ನಾಲ್ಕಕ್ಕೇ ಎದ್ದು ಬಂದೆ. ತಂಗಿ ಬೈದಳು.

"ನೀ ಹೋಗದಿದ್ರ ಆ ಕಂಪನಿ ಮುಳುಗ್ತದೇನು?"

"ಮುಳುಗಲ್ಲ. ನಾ ಇಲ್ದ ನಡೀತದಂತ ಅವ್ರಿಗಿ ಗೊತ್ತಾಗೂ ಮುಂಚೆ ಹೋಗ್ಬೇಕು" ಎಂದೆ.

ಗೊತ್ತಾಗಿ ಹೋಗಿತ್ತು. ಹಾಜರಿಯಲ್ಲಿ ಜೋಡಿಯ ಪಕ್ಕ ಬೇರೊಬ್ಬಳು ನಿಂತಿದ್ದಳು. ಸೂಪರ್‌ವೈಸರ್ ನನ್ನನ್ನು ಕರೆದ. ಚಿಕ್ಕ ವಯಸ್ಸಿನವನು, ನನಗೆ ಮೌಶಿ ಎನ್ನುತ್ತಿದ್ದ, ಅಂದರೆ ಚಿಕ್ಕಮ್ಮ.

"ಮೌಶಿ, ನೀ ಹೋದಿ. ಬದಲಿ ಬಂದಾಕಿ ಚೀಲ ಹರದ್ಲು, ಲಾರಿ ಎರಡು ದಿನ ನಿಂತಿತ್ತು. ಮ್ಯಾಲಿನವ್ರು ನನಗ ಏನೇನ್ ಅಂದಾರ ಗೊತ್ತದೇನು?"

"ನನ್ನ ಹೊಟ್ಟಿ ಕೊಯ್ದಾರ್ರಿ" ಎಂದೆ.

"ಹೇಳಿ ಹೋಗಬೇಕಿತ್ತು."

"ಟೋಪಿ ಕೊಟ್ಟೀನಲ್ರಿ."

ಅವನು ಜೋಡಿಯ ಕಡೆ ತಿರುಗಿದ. "ಈಕಿ ನಿನ್ನ ಕೈಲಿ ರಜಾ ಹೇಳಿ ಕಳಸಿದ್ಲೇನು? ಖರೇ ಹೇಳು."

ಅವಳು ನೆಲ ನೋಡುತ್ತ ಹೇಳಿದಳು: "ಟೋಪಿ ಕೊಟ್ಟಿದ್ಲ್ರಿ. ರಜಾ ಅಂತ ಏನೂ ಹೇಳಿದ್ದಿಲ್ಲ."

ಹೇಳದೆ ಕೇಳದೆ ಹೋದವಳು ಎಂದು ನನ್ನ ಹೆಸರಿನ ಮುಂದೆ ಬರೆದರು. ಡಾಕ್ಟರ ಚೀಟಿ ತೋರಿಸಿದೆ. ಅದು ಕಾಯಿಲೆಗೆ ಸಾಕ್ಷಿ, ರಜೆಗೆ ಅಲ್ಲ ಎಂದ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಪುಡಿ ಕೋಣೆಯ ಗಾಜಿನ ಬಾಗಿಲ ಹೊರಗೆ ಒಂದು ಸ್ಟೂಲು ಹಾಕಿಸಿ, "ಕೂಡು, ಕೆಲ್ಸ ಬಂದಾಗ ಕರೀತೀನಿ" ಎಂದ. ಕರೆಯಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆ. ಪೊರಕೆ ಹಿಡಿದರೆ ಇನ್ನೊಬ್ಬಳ ಕೆಲಸ ಅದು ಎಂದು ಕಸಿದುಕೊಂಡರು.

ಮೋರಖಂಡಿಯ ತಂಗಿಗೆ ಹೇಳಿದರೆ ಅವಳು ಫೋನಿನಲ್ಲೇ ನಕ್ಕಳು. "ಕೂಡ್ಸಿ ಪಗಾರ ಕೊಡ್ತಾರಂದ್ರ ಕೂಡು. ನನಗ ಹೊಲದಾಗ ಯಾರರ ಸ್ಟೂಲು ಹಾಕ್ತಾರೇನ ಕೇಳಿ ನೋಡು." ಅವಳ ಮಾತು ತಪ್ಪಲ್ಲ. ಆದರೆ ಹನ್ನೆರಡನೇ ವಯಸ್ಸಿನಿಂದ ದುಡಿದವಳಿಗೆ ಸುಮ್ಮನೆ ಕೂರುವುದು ಬರುವುದಿಲ್ಲ. ಗಾಜಿನೊಳಗೆ ನನ್ನ ಡ್ರಮ್ಮು ಕಾಣುತ್ತಿತ್ತು. ಹೊಸಬಳು ಚೀಲದ ಬಾಯನ್ನು ತೀರ ಮೇಲೆ ಹಿಡಿಯುತ್ತಿದ್ದಳು. ನನ್ನ ಮಡಿಲಲ್ಲಿ ನನ್ನ ಕೈಗಳು ತಾವಾಗಿಯೇ ಅಗಲವಾಗುತ್ತಿದ್ದವು. ಯಾರೋ ನೋಡಿ ನಕ್ಕ ಮೇಲೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಬಸವಕಲ್ಯಾಣದಿಂದ ನಾವು ಏಳು ಜನ ಒಂದೇ ಟಂಟಂ ಆಟೋದಲ್ಲಿ ಬರುತ್ತಿದ್ದೆವು. ಮೊದಲ ದಿನ ಎಲ್ಲರೂ ಸೂಪರ್‌ವೈಸರ್‌ಗೆ ಬೈದರು. ಮೂರನೇ ದಿನ, "ರಾಣಿಸಾಬ್ ಬಂದ್ರು, ಜಾಗ ಬಿಡ್ರಿ" ಎಂದಳು ಒಬ್ಬಳು. ನಾನೂ ನಕ್ಕೆ. ವಾರ ಕಳೆದ ಮೇಲೆ ನಾನು ಹತ್ತಿದ ಕೂಡಲೇ ಮಾತು ನಿಲ್ಲತೊಡಗಿತು. ನನ್ನ ಸಂಗಡ ಕಂಡರೆ ಅವರಿಗೂ ಸ್ಟೂಲು ಬರುತ್ತದೆ ಎಂಬ ಹೆದರಿಕೆ. ಊಟದ ಹೊತ್ತಿಗೆ ಯಾರೂ ನನ್ನ ರೊಟ್ಟಿ ಮುರಿಯಲಿಲ್ಲ. ಎರಡು ಒಯ್ಯುತ್ತಿದ್ದವಳು ಒಂದು ಒಯ್ಯತೊಡಗಿದೆ. ಸಂಜೆ ನಾನೊಬ್ಬಳೇ ಇದ್ದ ಬಾಡಿಗೆ ಕೋಣೆಗೆ ಬಂದರೆ ಆ ದಿನ ನಾನು ಬಾಯಿಬಿಟ್ಟು ಆಡಿದ ಮಾತು ಟಂಟಂ ಡ್ರೈವರನಿಗೆ ಹೇಳಿದ "ನಿಲ್ಸಪ್ಪಾ" ಒಂದೇ ಆಗಿರುತ್ತಿತ್ತು.

ಒಂದು ದಿನ ನೀರಿನ ನಳದ ಹತ್ತಿರ ಜೋಡಿ ಸಿಕ್ಕಳು. ನನ್ನ ಕಡೆ ನೋಡದೆ ಬಾಟಲಿಗೆ ನೀರು ಹಿಡಿಯುತ್ತ ಅಂದಳು: "ನಿನ್ನ ಪರ ಹೇಳಿದ್ರ ನನ್ನೂ ಹೊರಗ ಕೂಡಸ್ತೀನಿ ಅಂದಿದ್ದ ಅಕ್ಕಾ. ನೀ ಒಬ್ಬಾಕಿ ಇದ್ದಿ. ನನ್ನ ಹಿಂದ ಮೂರು ಮಕ್ಕಳವ."

"ಬಾಟ್ಲಿ ತುಂಬ್ಯಾದ, ನೋಡು" ಎಂದೆ. ನೀರು ಅವಳ ಕಾಲ ಮೇಲೆ ಹರಿಯುತ್ತಿತ್ತು.

ಅವಳ ಜಾಗದಲ್ಲಿ ಇದ್ದಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ ಎಂದು ಬರೆದರೆ ಓದುವವರಿಗೆ ಚೆನ್ನಾಗಿ ಕಾಣುತ್ತದೆ. ನಾನು ಹೇಳುತ್ತಿರಲಿಲ್ಲ. ಸುಳ್ಳು ಯಾಕೆ ಬರೆಯಲಿ.

ಹತ್ತೊಂಬತ್ತನೇ ದಿನ ಸೂಪರ್‌ವೈಸರ್ ಒಂದು ಕಾಗದ ತಂದು ತೊಡೆಯ ಮೇಲಿಟ್ಟ.

"ಯಾಕ ಇಷ್ಟ ತಕಲೀಫ್ ತಗೋತಿ ಮೌಶಿ? ಇಲ್ಲಿ ಸಹಿ ಮಾಡು, ಮನ್ಯಾಗ ಆರಾಮ ಕೂಡು."

"ಇಲ್ಲೂ ಕೂತೇ ಇದ್ದೀನಲ್ರಿ."

ನಾನು ಓದಿದ್ದು ಎರಡನೇ ಇಯತ್ತೆ. ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತೇನೆ. ಅವನು ಪೆನ್ನು ಬಡಿಯುತ್ತ ನಿಂತ. ನಾನು ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದಿತ್ತು.

"ಇದು ನಾ ಆಡಿದ ಮಾತಲ್ರಿ."

"ನೀ ಆಡಿದ ಮಾತು ಯಾವ ಕಾಗದದಾಗ ಅದ? ತೋರಸು" ಎಂದ. ನಗಲಿಲ್ಲ, ಬೈಯಲೂ ಇಲ್ಲ. ನನ್ನಲ್ಲಿ ಅಂಥ ಕಾಗದ ಇಲ್ಲವೆಂದು ಅವನಿಗೆ ಗೊತ್ತಿತ್ತು. ಸಹಿ ಮಾಡದೆ ಅವನ ಕಾಗದ ತಿರುಗಿ ಕೊಟ್ಟೆ. "ನಾಳಿಗಿ ಯೋಚಿಸಿ ಬಾ" ಎಂದ.

ಕೆಲಸ ಉಳಿಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಎರಡು ತಿಂಗಳಾದ ಮೇಲೆ, ಬೇರೆ ಶೆಡ್ಡಿನಲ್ಲಿ, ಡಬ್ಬಿಗೆ ಚೀಟಿ ಹಚ್ಚುವ ಕೆಲಸ. ಅದಕ್ಕೆ ಜೋಡಿ ಬೇಕಿಲ್ಲ, ಒಬ್ಬರೇ ಮಾಡಬಹುದು. ಮೂರು ವರ್ಷ ಮಾಡಿದೆ. ಮಾಣಿಕನಗರದವಳು ಗೇಟಿನಲ್ಲಿ ಸಿಕ್ಕರೆ ತಲೆ ಬಗ್ಗಿಸಿ ಹೋಗುತ್ತಿದ್ದಳು. ನಾನು ಅವಳನ್ನು ಕರೆಯಲಿಲ್ಲ.

ಅವನ ಕಾಗದ ತಿರುಗಿ ಕೊಟ್ಟ ಮರುದಿನ ಬೆಳಿಗ್ಗೆ ನಾನು ಟಂಟಂ ಹತ್ತಲಿಲ್ಲ. ಅದು ಹೋಗುವುದನ್ನು ನೋಡುತ್ತ ನಿಂತು, ಅಂಗಡಿಯಲ್ಲಿ ಒಂದು ಬರೆಯುವ ವಹಿ ಕೊಂಡು, ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬರೆದೆ. ಅರ್ಜಿ ಬರೆದುಕೊಡುವವರು ಎದುರಿಗೇ ಇದ್ದರು, ಅವರ ಹತ್ತಿರ ಹೋಗಲಿಲ್ಲ. ಹೊಟ್ಟೆ ಕೊಯ್ಸಿಕೊಳ್ಳಲು ಹೋಗಿದ್ದೆ, ಇಲ್ಲಿಯ ರೀತಿಯಂತೆ ಟೋಪಿ ಕೊಟ್ಟು ಹೋಗಿದ್ದೆ, ಬಂದ ಮೇಲೆ ಹತ್ತೊಂಬತ್ತು ದಿನ ಕೆಲಸ ಕೊಡದೆ ಕೂಡಿಸಿದ್ದಾರೆ, ಕೆಲಸ ಬಿಡುವ ಇಚ್ಛೆ ನನಗಿಲ್ಲ. ಇಷ್ಟಕ್ಕೆ ಮೂರು ಬಸ್ಸು ಹೋದವು. ನಾಲ್ಕನೆಯದು ಹತ್ತಿ ಹುಮನಾಬಾದಿಗೆ ಹೋಗಿ, ಕಾರ್ಮಿಕ ಇಲಾಖೆಯ ಕಚೇರಿ ಕೇಳಿಕೊಂಡು ಹೋದೆ. ಅಲ್ಲಿದ್ದ ಗುಮಾಸ್ತ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ.

"ಅಕ್ಷರ ತಿಳೀವಲ್ದು ಅಮ್ಮಾ. ಯಾರ ಕಡಿಂದರ ಬರಸ್ಕೊಂಡ ಬರ್ರಿ."

"ನನಗ ತಿಳೀತಾವ್ರಿ. ಇಲ್ಲಿ ಕೊಡ್ರಿ" ಎಂದು ಕಾಗದ ಇಸಿದುಕೊಂಡು, ಬೆರಳಿಟ್ಟು, ನಿಂತೇ ಪೂರ್ತಿ ಓದಿ ಹೇಳಿದೆ.