ಗೋದುಬಾಯಿಯ ಬೈಗುಳ ಹಾಡಿದವನು

ದಾಂಡೇಲಿಯಲ್ಲಿ ಜ್ಯೋತಿಬಾನನ್ನು ಕಲಾವಿದ ಎನ್ನುವವರಿದ್ದಾರೆ. ನಾನು ಅವನ ಪಕ್ಕದ ಮನೆಯವನು, ನನಗೆ ಆ ಶಬ್ದ ಬಾಯಿಗೆ ಬರುವುದಿಲ್ಲ. ಅವನು ಹಾಡುತ್ತಿದ್ದದ್ದು ಪಾಪ್ ಪಂಕ್. ಗಿಟಾರು, ಡ್ರಮ್ಮು ಒಂದರ ಮೇಲೊಂದು ಬಿದ್ದು ಓಡುತ್ತವೆ, ನಡುವೆ ಇವನು ಗಂಟಲು ಹರಿಯುವಂತೆ ಕಿರುಚುತ್ತಾನೆ. ಆದರೂ ಧಾಟಿ ಎಂಥದೆಂದರೆ, ಮರುದಿನ ಹಲ್ಲುಜ್ಜುವಾಗ ನಾವೇ ಗುನುಗುತ್ತಿರುತ್ತೇವೆ. ಬ್ಯಾಂಡಿನ ಹೆಸರು ‘ಹರಕಬಾಯಿ’.

ಆ ಹರಕಬಾಯಿ ಅವನದಲ್ಲ, ಅವನ ತಾಯಿ ಗೋದುಬಾಯಿಯದು. ನಮ್ಮ ಸಾಲಿನಲ್ಲಿ ಆಕೆಯಿಂದ ಬೈಸಿಕೊಳ್ಳದ ಮಕ್ಕಳಿಲ್ಲ. ‘ನಿನ್ನ ಬಾಯಾಗ ಮಣ್ಣ ಬೀಳ್ಲಿ, ಉಣ್ಣಾಕ ಬಾರೋ’ ಎಂದು ಕರೆದು ಬಿಸಿ ರೊಟ್ಟಿ ಹಾಕುವ ಹೆಂಗಸು. ಮಗ ಅದನ್ನೆಲ್ಲ ಹೆಕ್ಕಿ ಹಾಡು ಮಾಡಿದ. ಕಾಳಿ ನದಿಯಲ್ಲಿ ರಾಫ್ಟಿಂಗಿಗೆ ಬರುವ ಹುಬ್ಬಳ್ಳಿ, ಪುಣೆಯ ಹುಡುಗರು ಕುಳಗಿ ರಸ್ತೆಯ ರೆಸಾರ್ಟಿನಲ್ಲಿ ಶನಿವಾರ ಸಂಜೆ ಅವಕ್ಕೆ ಕುಣಿಯತೊಡಗಿದರು. ಅದೇ ರೆಸಾರ್ಟಿನ ಅಡುಗೆಮನೆಯಲ್ಲಿ ಗೋದುಬಾಯಿ ರೊಟ್ಟಿ ಬಡಿಯುತ್ತಿದ್ದಳು. ‘ನನ್ನ ಬೈಗಳಾನ ಹಾಡ ಮಾಡ್ಯಾನ ನೋಡ್ರಿ, ಖೋಡಿ’ ಎಂದು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು.

ಆಮೇಲೆ ಗಂಡ ಸಾತಪ್ಪ ಎದೆನೋವು ಬಂದು ತೀರಿಕೊಂಡ. ನಮ್ಮ ಕಡೆ ಹೆಂಗಸರು ಹಾಡ್ಯಾಡಿಕೊಂಡು ಅಳುತ್ತಾರೆ, ಸತ್ತವರನ್ನು ಬೈದು ಅಳುತ್ತಾರೆ. ಗೋದುಬಾಯಿ ಹೆಣದ ಗದ್ದ ಹಿಡಿದು, ‘ಏ ಹೇಡಿ, ನನ್ನೊಬ್ಬಾಕಿನ್ನ ಬಿಟ್ಟು ಎಲ್ಲಿ ಓಡಿದ್ಯೋ, ಎದ್ದು ಬಾರೋ’ ಎಂದು ಅತ್ತದ್ದು ಕೇಳಿ ಗಂಡಸರಾದ ನಾವೂ ಅತ್ತೆವು. ಜ್ಯೋತಿಬಾನೂ ಅತ್ತ. ಅಳುತ್ತಲೇ ಅವನ ಕಿವಿ ಬೇರೆ ಕೆಲಸ ಮಾಡುತ್ತಿತ್ತು.

ಕೆಲವು ತಿಂಗಳ ನಂತರ, ಹೊಸ ಹಾಡಿನ ದಿನ, ತಾಯಿಯನ್ನು ಅಡುಗೆಮನೆಯಿಂದ ವೇದಿಕೆಗೆ ಎಳೆದು ತಂದ. ಅವಳ ಕೈಯಲ್ಲಿ ಹಿಟ್ಟು ಹಾಗೇ ಇತ್ತು. ‘ಈ ಹಾಡ ಕಟ್ಟಿದಾಕಿ ನಮ್ಮವ್ವ’ ಎಂದ. ಮರ್ಯಾದೆ ಕೊಡುತ್ತಿದ್ದೇನೆ ಎಂದೇ ತಿಳಿದಿದ್ದ, ಕತ್ತೆ! ಡ್ರಮ್ಮು ಶುರುವಾಯಿತು. ‘ಏ ಹೇಡಿ, ಎಲ್ಲಿ ಓಡಿದ್ಯೋ’ ಎಂದು ಗುಂಪು ಬೀರಿನ ಬಾಟಲಿ ಎತ್ತಿ ಕುಪ್ಪಳಿಸಿತು. ‘ಆಂಟಿ, ನೀವೂ ಬೈರಿ’ ಎಂದು ಮೊಬೈಲು ಹಿಡಿದವರು ಕೂಗಿದರು. ಗೋದುಬಾಯಿ ಸೆರಗಿಗೆ ಕೈ ಒರೆಸಿಕೊಂಡು ಇಳಿದು ಹೋದಳು.

ಮನೆಗೆ ಬಂದ ಮಗ, ‘ಯಾಕವ್ವಾ, ಏನಾತು?’ ಎಂದ.

‘ಅದು ನಿಮ್ಮಪ್ಪಗ ಅಂದದ್ದು. ಅವಗಷ್ಟ ಅಂದದ್ದು.’

ತಪ್ಪಾತು ಎಂದು ಕಾಲು ಹಿಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಂದಿನಿಂದ ಅವನಿಗೆ ಒಂದು ಬೈಗುಳವೂ ಇಲ್ಲ. ಬೇಕೆಂದೇ ಕೆಸರು ಬೂಟಿನಲ್ಲಿ ಒಳಗೆ ನಡೆದ, ಹಾಲು ಚೆಲ್ಲಿದ. ಅವಳು ಸುಮ್ಮನೆ ಒರೆಸಿದಳು. ಹೊಸ ಹಾಡು ಹುಟ್ಟಲಿಲ್ಲ. ಡ್ರಮ್ಮಿನ ಪುಂಡಲೀಕ ಮದುವೆ ಆರ್ಕೆಸ್ಟ್ರಾ ಸೇರಿದ. ಬ್ಯಾಂಡು ಮುರಿಯಿತೆಂದು ಹೇಳಿದಾಗಲೂ ‘ಕೈ ತೊಳ್ಕೊ, ಊಟಾ ಮಾಡು’ ಎಂದಳಷ್ಟೆ.

ಉಳಿದವರಿಗೆ ಆ ಬಾಯಿ ಹಾಗೇ ಇದೆ. ಮೊನ್ನೆ ಬೆಳಿಗ್ಗೆ ಹಿತ್ತಿಲಲ್ಲಿ ನಿಂತು ಆಚೆಮನೆಯ ಕೆಂಚವ್ವನಿಗೆ, ‘ನಿನ್ನ ಆಡ ಹುಲಿ ಒಯ್ಯಲಿ, ಹಾಳಾದಾಕಿ, ಚಾ ಕುಡದ ಹೋಗ ಬಾ’ ಎನ್ನುತ್ತಿದ್ದಳು. ಹೊರಗಿನಿಂದ ಬಂದ ಜ್ಯೋತಿಬಾ ಬಾಗಿಲಲ್ಲೇ ನಿಂತುಬಿಟ್ಟ.

‘ಒಳಗ ಹೋಗೋ’ ಎಂದೆ.

‘ತಡೀರಿ ಕಾಕಾ,’ ಎಂದ, ‘ನಾ ಹೋದ್ರ ನಿಲ್ಲಿಸಿಬಿಡ್ತಾಳ.’